ಅವ್ವನ ತೋಳಿನ ಬಿಲ್ಲೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್ ದಾರಿ. ನಕಾಶೆಯಲ್ಲಿ ಇದು ಮಹಾರಾಷ್ಟ್ರ. ಆದರೆ ಈ ದಾರಿಯ ಆಚೀಚೆಗಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಒಲೆಯ ಮುಂದಿನ ಮಾತು ಕನ್ನಡವೇ. ಕಚೇರಿಯ ಕಾಗದ ಮರಾಠಿಯಲ್ಲಿ, ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ನೋವು ಮಾತ್ರ ಕನ್ನಡದಲ್ಲಿ. ಓದಿದ ಮಕ್ಕಳು ನೌಕರಿಗೆಂದು ಪುಣೆಗೋ ಹೈದರಾಬಾದಿಗೋ ಹೋಗಿರುತ್ತಾರೆ. ಹೊಲ, ಮನೆ, ದನಕರು, ಹಿರಿಯರು ಊರಲ್ಲೇ ಉಳಿದಿರುತ್ತಾರೆ.

ಅಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಅವ್ವನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿದೆ. ಹಿರಿಯ ಮಗ ಮತ್ತು ಸೊಸೆ ಊರಲ್ಲಿದ್ದಾರೆ. ಕಿರಿಯ ಮಗ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನು ಹಬ್ಬಕ್ಕೆ ಬಂದಾಗ ಒಂದು ಪುಟ್ಟ ಡಬ್ಬಿ ತಂದು, ಅವ್ವನ ತೋಳಿನ ಹಿಂಬದಿಗೆ ದೊಡ್ಡ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆಯೊಂದನ್ನು ಅಂಟಿಸುತ್ತಾನೆ. "ಇನ್ನ ಬೆರಳು ಚುಚ್ಚಿಕೊಳ್ಳೂದು ಬ್ಯಾಡ ಅವ್ವಾ, ನಿನ್ನ ಶುಗರ್ ನಾ ಅಲ್ಲಿಂದನ ನೋಡ್ತೀನಿ" ಅನ್ನುತ್ತಾನೆ. ಅವ್ವ ಬಿಲ್ಲೆಯನ್ನು ಮುಟ್ಟಿ ನೋಡಿ ಕೇಳುತ್ತಾಳೆ: "ನೀ ನೋಡಿ ಏನ್ ಮಾಡ್ತಿ, ತಮ್ಮಾ?"

ಈ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಇಂಥ ಉಪಕರಣಗಳನ್ನು ತಯಾರಿಸುವವರೂ ಮಾರುವವರೂ ಕೊಳ್ಳುವವರೂ ಎಲ್ಲರಿಗಿಂತ ಮೊದಲು ಉತ್ತರಿಸಬೇಕಾದದ್ದು ಇದಕ್ಕೇ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ಅಪ್ಪ-ಅಮ್ಮ ಊರಲ್ಲಿರುವ ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಿಗೂ ಈ ಮಾತು ಸಲ್ಲುತ್ತದೆ. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ದಾಗ ಅಜ್ಜ-ಅಜ್ಜಿಯರ ಮಣಿಕಟ್ಟಿನ ಮೇಲೆ ಈಗ ಜಪಸರದ ಜೊತೆಗೆ ಹೊಳೆಯುವ ಕೈಗಡಿಯಾರವನ್ನೂ ಕಾಣುತ್ತೇವಲ್ಲ!

ಬಿಲ್ಲೆಯೊಳಗೆ ಏನಿದೆ?

ಪಠ್ಯಪುಸ್ತಕದಲ್ಲಿ ಇದನ್ನು ಸಂವೇದಕ ಎನ್ನುತ್ತಾರೆ. ಜನರ ಬಾಯಲ್ಲಿ ಸೆನ್ಸರ್. ಬಿಲ್ಲೆಯ ತಳದಲ್ಲಿ ಕೂದಲೆಳೆಯಂಥ ಒಂದು ತಂತು ಇದೆ. ಅದು ಚರ್ಮದ ಕೆಳಗೆ ಕೆಲವೇ ಮಿಲಿಮೀಟರ್ ಇಳಿದು ನಿಲ್ಲುತ್ತದೆ. ಅದರ ಮೇಲೆ ಗ್ಲೂಕೋಸನ್ನು ಗುರುತು ಹಿಡಿಯುವ ಒಂದು ಕಿಣ್ವದ ಲೇಪವಿದೆ. ಕಿಣ್ವವೂ ಗ್ಲೂಕೋಸೂ ಸೇರಿದಾಗ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಸಕ್ಕರೆ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಈ ಯುಕ್ತಿಯ ಮೂಲ 1962ರಲ್ಲಿ ಅಮೆರಿಕದ ಲೆಲಂಡ್ ಕ್ಲಾರ್ಕ್ ಎಂಬ ವಿಜ್ಞಾನಿ ವಿವರಿಸಿದ ಕಿಣ್ವದ ವಿದ್ಯುದಗ್ರದಲ್ಲಿದೆ. ದೇಹದ ಮೇಲೆ ನಿರಂತರವಾಗಿ ಇಟ್ಟುಕೊಳ್ಳುವ ಮೊದಲ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1999ರಲ್ಲಿ. ಈಗ ಭಾರತದಲ್ಲಿ ಸಿಗುವ ಬಿಲ್ಲೆಗಳು ಸಾಮಾನ್ಯವಾಗಿ ಎರಡು ವಾರ ಕೆಲಸ ಮಾಡುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಬಿಲ್ಲೆ ಅಳೆಯುವುದು ರಕ್ತದ ಸಕ್ಕರೆಯನ್ನಲ್ಲ. ಚರ್ಮದಡಿಯ ಜೀವಕೋಶಗಳ ನಡುವಿನ ನೀರಿನಂಥ ದ್ರವದ ಸಕ್ಕರೆಯನ್ನು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಲು ಐದರಿಂದ ಹದಿನೈದು ನಿಮಿಷ ಬೇಕು. ಅವ್ವ ಆರಾಮಾಗಿ ಕುಳಿತಿರುವಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ಸಕ್ಕರೆ ಸರಸರನೆ ಇಳಿಯುತ್ತಿರುವಾಗ ಫೋನಿನ ಅಂಕಿ ಹಿಂದೆ ಬಿದ್ದಿರುತ್ತದೆ. ಅಂಕಿ ಚೆನ್ನಾಗಿದ್ದು ಅವ್ವ ಬೆವರುತ್ತ ನಡುಗುತ್ತಿದ್ದರೆ, ನಂಬಬೇಕಾದದ್ದು ಅವ್ವನನ್ನು. ಬೆರಳು ಚುಚ್ಚಿ ನೋಡುವ ಹಳೆಯ ಯಂತ್ರವನ್ನು ಆದ್ದರಿಂದ ಬೀಸಾಡಬಾರದು.

ಇನ್ನೊಂದು ಸಂಗತಿ. ಬಿಲ್ಲೆ ತಾನಾಗಿ ಪುಣೆಗೆ ಮಾತಾಡುವುದಿಲ್ಲ. ಬ್ಲೂಟೂತ್ ಮೂಲಕ ಹತ್ತಿರದ ಫೋನಿಗೆ ಅಂಕಿ ಕೊಡುತ್ತದೆ. ಹತ್ತಿರ ಎಂದರೆ ಒಂದೇ ಮನೆಯೊಳಗೆ, ಕೆಲವು ಮೀಟರ್ ಮಾತ್ರ. ಆ ಫೋನು ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ, ಅಲ್ಲಿಂದ ಮಗನ ಫೋನಿಗೆ. ಮನೆಯಲ್ಲಿರುವ ಒಂದೇ ಸ್ಮಾರ್ಟ್‌ಫೋನನ್ನು ಸೊಸೆ ಹೊಲಕ್ಕೆ ಒಯ್ದರೆ, ಚಾರ್ಜ್ ಮುಗಿದರೆ, ರಿಚಾರ್ಜ್ ತೀರಿದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಕೆಲವು ಮಾದರಿಗಳಲ್ಲಂತೂ ಫೋನನ್ನು ತೋಳಿನ ಹತ್ತಿರ ಹಿಡಿದಾಗ ಮಾತ್ರ ಅಂಕಿ ಬರುತ್ತದೆ. ಅಪಾಯದ ಗಂಟೆ ತಾನಾಗಿ ಬಾರಿಸುವುದು ಬೇರೆ ಮಾದರಿ. ಕೊಳ್ಳುವ ಮೊದಲು ಇದನ್ನು ಕೇಳಿ ತಿಳಿಯಬೇಕು.

ರೊಟ್ಟಿಯೋ ಚಹಾವೋ?

ಹಾಗಾದರೆ ಇದರಿಂದ ಪ್ರಯೋಜನವಿಲ್ಲವೇ? ಇದೆ, ಬಹಳವೇ ಇದೆ. ಆಸ್ಪತ್ರೆಯಲ್ಲಿ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾದ ಮೇಲೆ ಒಮ್ಮೆ ರಕ್ತ ಕೊಟ್ಟರೆ ಸಿಗುವುದು ಎರಡು ಅಂಕಿ. ಅದು ಒಂದು ಸಿನಿಮಾದ ಎರಡು ಫೋಟೋ ನೋಡಿದ ಹಾಗೆ. ಬಿಲ್ಲೆ ಇಡೀ ಸಿನಿಮಾ ತೋರಿಸುತ್ತದೆ. ಮಧ್ಯರಾತ್ರಿ ಎರಡು ಗಂಟೆಗೆ ಏನಾಗುತ್ತದೆ, ನಾಲ್ಕು ಗಂಟೆಯ ಚಹಾದ ನಂತರ ಏನಾಗುತ್ತದೆ, ಊಟದ ಮೇಲೆ ಓಣಿಯಲ್ಲಿ ಹತ್ತು ನಿಮಿಷ ನಡೆದಾಡಿದರೆ ಏನಾಗುತ್ತದೆ ಎಲ್ಲವೂ ಗೆರೆಯಾಗಿ ಮೂಡುತ್ತವೆ.

ಸೊಲ್ಲಾಪುರ ಜೋಳದ ನಾಡು. ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೇ ಇದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಝುಣಕ ಈ ಭಾಗದ ಊಟ. "ಶುಗರ್ ಇದ್ದವರಿಗೆ ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ" ಎಂಬ ಮಾತು ಊರೂರಿನಲ್ಲಿ ಓಡಾಡುತ್ತದೆ. ಅನ್ನ ಬಿಟ್ಟು ರೊಟ್ಟಿ ತಿನ್ನುವುದು ಒಳ್ಳೆಯದೇ. ಆದರೆ 'ಎಷ್ಟು ತಿಂದರೂ' ಎಂಬುದು ಮಾತ್ರ ಸರಿಯಲ್ಲ. ಒಂದು ರೊಟ್ಟಿಗೆ ಸುಮ್ಮನಿದ್ದ ಗೆರೆ ಮೂರನೆಯ ರೊಟ್ಟಿಗೆ ಮೇಲೇರಬಹುದು. ರೊಟ್ಟಿ ಪಾಪ ಸುಮ್ಮನಿದ್ದು, ದಿನಕ್ಕೆ ಐದು ಸಲ ಕುಡಿಯುವ ಸಕ್ಕರೆ ಚಹಾವೇ ಅಪರಾಧಿ ಎಂದೂ ತಿಳಿದುಬರಬಹುದು.

ಎಲ್ಲರ ದೇಹವೂ ಒಂದೇ ಊಟಕ್ಕೆ ಒಂದೇ ರೀತಿ ಉತ್ತರಿಸುವುದಿಲ್ಲ ಎನ್ನುವುದು ಈಗ ಊಹೆಯಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 800 ಜನರಿಗೆ ಒಂದು ವಾರ ಇಂಥ ಸೆನ್ಸರ್ ಹಾಕಿ, 46,000ಕ್ಕೂ ಹೆಚ್ಚು ಊಟ-ತಿಂಡಿಗಳ ನಂತರದ ಸಕ್ಕರೆಯನ್ನು ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ತಿಂಡಿಗೆ ಒಬ್ಬರ ಸಕ್ಕರೆ ಜಿಗಿದರೆ ಇನ್ನೊಬ್ಬರದು ಅಲುಗಾಡಲಿಲ್ಲ. ವೈಯಕ್ತಿಕ ಚಿಕಿತ್ಸೆ ಎಂದು ಈಗ ಕರೆಯುವುದು ಇದನ್ನೇ: ಪುಸ್ತಕದ ರೋಗಿಗಲ್ಲ, ಈ ಅವ್ವನಿಗೆ ಔಷಧಿ. ಐ.ಸಿ.ಎಂ.ಆರ್. ನೆರವಿನ ದೇಶವ್ಯಾಪಿ ಸಮೀಕ್ಷೆಯೊಂದು 2023ರಲ್ಲಿ ಅಂದಾಜಿಸಿದಂತೆ ಭಾರತದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ. ಅಷ್ಟು ಜನರಿಗೂ ಒಂದೇ ಆಹಾರಪಟ್ಟಿ ಬರೆದು ಕೊಟ್ಟು ಕಳಿಸಿದರೆ ಹೇಗೆ ನಡೆದೀತು?

ಖರ್ಚಿನ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಒಂದು ಬಿಲ್ಲೆಗೆ ಕೆಲವು ಸಾವಿರ ರೂಪಾಯಿ. ತಿಂಗಳಿಗೆ ಎರಡು ಬೇಕು. ಬೀಡಿ ಕಟ್ಟಿ, ಮಗ್ಗದಲ್ಲಿ ಚಾದರ ನೇಯ್ದು ಬದುಕುವ ಸೊಲ್ಲಾಪುರದ ಮನೆಗಳಿಗೆ ಇದು ಆಗದ ಮಾತು. ಆದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಇದು ಬೇಕೇ ಬೇಕೆಂದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಪದೇ ಪದೇ ಸಕ್ಕರೆ ಇಳಿದು ತಲೆಸುತ್ತಿ ಬೀಳುವವರಿಗೆ ಇದರ ಲಾಭ ದೊಡ್ಡದು. ಮಾತ್ರೆಯಲ್ಲೇ ಹತೋಟಿಯಲ್ಲಿರುವವರು ವೈದ್ಯರು ಹೇಳಿದರೆ ಒಂದೆರಡು ವಾರ ಹಾಕಿಕೊಂಡು, ಕಲಿಯಬೇಕಾದದ್ದನ್ನು ಕಲಿತು, ಮತ್ತೆ ಬೆರಳು ಚುಚ್ಚುವ ಯಂತ್ರಕ್ಕೆ ಮರಳಬಹುದು. ಒಂದು ಎಚ್ಚರ: ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ಇದು. ಬಳಸದ ಬಿಲ್ಲೆಯನ್ನಾಗಲಿ ಪರೀಕ್ಷೆಯ ಪಟ್ಟಿಗಳನ್ನಾಗಲಿ ತಗಡಿನ ಮನೆಯ ಮಾಡದಲ್ಲಿಟ್ಟರೆ ಕೆಡುತ್ತವೆ. ಎಷ್ಟು ತಂಪಿನಲ್ಲಿಡಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ.

ರಾತ್ರಿ ಎರಡು ಗಂಟೆಯ ಗಂಟೆ

ಪುಣೆಯಲ್ಲಿ ಮಗನ ಫೋನು ಕಿರುಚುತ್ತದೆ: ಸಕ್ಕರೆ 60. ಅವನು ಎದ್ದು ಕುಳಿತು ಊರಿಗೆ ಫೋನು ಹಚ್ಚುತ್ತಾನೆ. ಅಣ್ಣ ಎತ್ತುವುದಿಲ್ಲ. ವೈನಿ ಎತ್ತುತ್ತಾಳೆ. "ವೈನಿ, ಅವ್ವಗ ರಾತ್ರಿ ಊಟಕ್ಕ ಏನ್ ಕೊಟ್ಟಿದ್ರಿ? ಶುಗರ್ ಇಷ್ಟ್ಯಾಕ ಇಳಿದೈತಿ?"

ಇಡೀ ದಿನ ಹೊಲ, ಅಡುಗೆ, ಮಕ್ಕಳು, ಅತ್ತೆ ಎಂದು ದುಡಿದು ಆಗ ತಾನೆ ಮಲಗಿದ ಹೆಣ್ಣುಮಗಳಿಗೆ ಈ ಪ್ರಶ್ನೆ ಹೇಗೆ ಕೇಳಿಸೀತು? ಮಗ ಕೇಳಿದ್ದು ಕಾಳಜಿಯಿಂದ. ಅವಳಿಗೆ ಕೇಳಿಸಿದ್ದು ಆರೋಪ. ನಾಲ್ಕು ರಾತ್ರಿ ಹೀಗಾದರೆ ಐದನೆಯ ದಿನ ಅಣ್ಣ-ತಮ್ಮಂದಿರ ಮಾತು ನಿಲ್ಲುತ್ತದೆ. ನೋಡುವವನು ಒಬ್ಬ, ಮಾಡುವವಳು ಇನ್ನೊಬ್ಬಳು. ಅಂಕಿ ಹೋಗುವುದು ನೋಡುವವನಿಗೆ ಮಾತ್ರ. ಈ ಯಂತ್ರಗಳ ಜಾಹೀರಾತಿನಲ್ಲಿ ಮುಗುಳ್ನಗುವ ಅಜ್ಜಿ ಇರುತ್ತಾಳೆ, ಫೋನು ಹಿಡಿದ ಮಗ ಇರುತ್ತಾನೆ. ಸೊಸೆ ಎಲ್ಲಿರುತ್ತಾಳೆ?

ಆ 60 ಎಂಬ ಅಂಕಿಯೇ ಸುಳ್ಳಿರಬಹುದು. ಅವ್ವ ಬಿಲ್ಲೆ ಇರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೆ ಅಲ್ಲಿಯ ದ್ರವದ ಹರಿವು ಕಡಿಮೆಯಾಗಿ ಸಕ್ಕರೆ ಇಳಿದಂತೆ ತೋರುತ್ತದೆ. ಹೊರಳಿ ಮಲಗಿದರೆ ತಾನೇ ಸರಿಯಾಗುತ್ತದೆ. ಹಾಗೆಂದು ಪ್ರತಿ ಗಂಟೆಯನ್ನೂ ಸುಳ್ಳೆಂದು ಬಿಡುವಂತಿಲ್ಲ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡಿನಂಥ ಕೆಲವು ಮಾತ್ರೆಗಳು ವಯಸ್ಸಾದವರಲ್ಲಿ ರಾತ್ರಿ ಹೊತ್ತು ಸಕ್ಕರೆಯನ್ನು ನಿಜವಾಗಿಯೂ ಅಪಾಯಕ್ಕೆ ಇಳಿಸಬಲ್ಲವು. ಆದ್ದರಿಂದ ಮಾಡಬೇಕಾದದ್ದು ಇಷ್ಟು: ಎಬ್ಬಿಸಿ ಮಾತಾಡಿಸಿ, ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆಯಿದ್ದು ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ; ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ. ಇದನ್ನು ತಿಳಿದಿರಬೇಕಾದವರು ಪುಣೆಯಲ್ಲಿ ಅಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರು. ಗಂಟೆಯೂ ಮೊದಲು ಅವರ ಫೋನಿನಲ್ಲೇ ಬಾರಿಸಬೇಕು.

ಭಾಷೆಯ ತೊಡಕೂ ಇಲ್ಲಿ ಕಾಡುತ್ತದೆ. ಇಂಗ್ಲಿಷಿನ ಆ್ಯಪ್, ಮರಾಠಿ ಮಾತಾಡುವ ದಾದಿ, ಕನ್ನಡದ ಅವ್ವ. ಅವ್ವ ಹೇಳುವುದು "ಕಣ್ಣಿಗೆ ಕತ್ತಲಿ ಬಂತು", "ಎದಿ ಹಾರತೈತಿ", "ಕೈಕಾಲಾಗ ಜೀವಿಲ್ಲ" ಎಂದು. ಈ ಮೂರೂ ಬೇರೆ ಬೇರೆ ತೊಂದರೆಗಳು. ವೈದ್ಯರಿಗೆ ಮೂರೂ ಮುಖ್ಯ. ಸೆನ್ಸರಿಗೆ ಇವು ಯಾವುವೂ ಕೇಳಿಸವು. ಸೊಲ್ಲಾಪುರದಲ್ಲಿ ಜನ 'ಸಿವಿಲ್' ಎಂದೇ ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಫೋನಿನ ಗೆರೆಯ ಜೊತೆಗೆ ಅವ್ವನ ಮಾತನ್ನು ಮರಾಠಿಗೆ ತಿರುಗಿಸಿ ಹೇಳಬಲ್ಲ ಒಬ್ಬರು ಜೊತೆಗಿದ್ದರೆ, ಗೆರೆಗೆ ಅರ್ಥ ಬರುತ್ತದೆ.

ತಂತಿಯ ತುದಿಯಲ್ಲಿ ಯಾರು?

ರೋಗಿಯ ದೇಹದ ಸುದ್ದಿಯನ್ನು ದೂರಕ್ಕೆ ಕಳಿಸುವುದು ಹೊಸ ಆಲೋಚನೆಯಲ್ಲ. ಹಾಲೆಂಡಿನ ಲೈಡನ್ ಊರಿನ ವಿಲ್ಲೆಮ್ ಐಂಥೋವೆನ್ ಹೃದಯದ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಇಸಿಜಿ ಯಂತ್ರವನ್ನು ರೂಪಿಸಿದರು. ಆ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಅದನ್ನು ರೋಗಿಯ ಹಾಸಿಗೆಯ ಬಳಿ ಒಯ್ಯುವುದು ಸಾಧ್ಯವಿರಲಿಲ್ಲ. ಆದ್ದರಿಂದ 1905ರಲ್ಲಿ ಅವರು ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ಹೃದಯದ ಬಡಿತವನ್ನು ತರಿಸಿಕೊಂಡರು! 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆ ತಂತಿಯ ಒಂದು ತುದಿಯಲ್ಲಿ ರೋಗಿ, ಇನ್ನೊಂದು ತುದಿಯಲ್ಲಿ ಆ ಗೆರೆಯನ್ನು ಓದಬಲ್ಲ ಮನುಷ್ಯ.

ಇದೇ ಕೆಲಸ ನಮ್ಮ ಕಡೆ ಹೇಗೆ ನಡೆದಿದೆ ನೋಡಿ. ಮಂಗಳೂರಿನ ಹೃದಯ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಕೆಲಸ ಆರಂಭಿಸಿದರು. ಹಳ್ಳಿಗಳ ವೈದ್ಯರಿಗೆ, ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಎಲ್ಲರನ್ನೂ ವಾಟ್ಸಾಪ್ ಗುಂಪುಗಳಿಗೆ ಸೇರಿಸಿದರು. ಎದೆನೋವೆಂದು ಬಂದವರ ಇಸಿಜಿಯ ಫೋಟೋ ಗುಂಪಿಗೆ ಬರುತ್ತದೆ. ತಜ್ಞರು ನೋಡಿ "ಕೂಡಲೇ ಕಳಿಸಿ" ಎಂದೋ "ಗಾಬರಿ ಬೇಡ" ಎಂದೋ ಉತ್ತರಿಸುತ್ತಾರೆ. ಭಾರೀ ಯಂತ್ರವಿಲ್ಲ, ಭಾರೀ ಆ್ಯಪ್ ಇಲ್ಲ.

ಕರ್ನಾಟಕ ಸರ್ಕಾರ 2023ರ ನವೆಂಬರಿನಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೂಡಲೇ ಜಯದೇವದಂಥ ದೊಡ್ಡ ಆಸ್ಪತ್ರೆಗಳ ತಜ್ಞರಿಗೆ ಹೋಗುತ್ತದೆ. ಹೃದಯಾಘಾತವೆಂದು ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಂತರವೇ ದೊಡ್ಡ ಆಸ್ಪತ್ರೆಗೆ ಪಯಣ. ಇಲ್ಲಿ ಸುದ್ದಿ ತಲುಪುವುದಷ್ಟೇ ಅಲ್ಲ, ಸುದ್ದಿ ತಲುಪಿದ ಮೇಲೆ ಕೊಡಬೇಕಾದ ಔಷಧಿಯೂ ರೋಗಿಯ ಪಕ್ಕದಲ್ಲೇ ಇದೆ. ಇದು ಕರ್ನಾಟಕದ ಯೋಜನೆ; ಅಕ್ಕಲಕೋಟೆ ಗಡಿಯಾಚೆಗಿದೆ. ಎದೆನೋವು ಬಂದರೆ ಎಲ್ಲಿಗೆ ಓಡಬೇಕು, ಸೊಲ್ಲಾಪುರಕ್ಕೋ ಕಲಬುರಗಿಗೋ, ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುತ್ತಾರೆ ಎಂಬುದನ್ನು ಅಂಥ ಊರಿನ ಮನೆಯವರು ಮೊದಲೇ ವಿಚಾರಿಸಿಟ್ಟಿರಬೇಕಾಗುತ್ತದೆ.

ನಂಬಬಾರದ ಗಡಿಯಾರಗಳು

ಚರ್ಮ ಚುಚ್ಚದೆಯೇ ಸಕ್ಕರೆ ತೋರಿಸುತ್ತೇವೆ ಎನ್ನುವ ಕೈಗಡಿಯಾರಗಳೂ ಉಂಗುರಗಳೂ ಆನ್‌ಲೈನ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ದಯವಿಟ್ಟು ಕೊಳ್ಳಬೇಡಿ. ಅಂಥ ಒಂದೂ ಗಡಿಯಾರಕ್ಕಾಗಲಿ ಉಂಗುರಕ್ಕಾಗಲಿ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2024ರ ಫೆಬ್ರವರಿಯಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತು. ಸುಳ್ಳು ಅಂಕಿ ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಒಳ್ಳೆಯ ಕಂಪನಿಯ ಗಡಿಯಾರಗಳಿಗೂ ಮಿತಿಯಿದೆ. ಹೃದಯದ ತಾಳ ತಪ್ಪುವುದನ್ನು ಅವು ಗುರುತಿಸಬಲ್ಲವು. ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ ಅರ್ಧದಷ್ಟು ಜನರಿಗೆ ಅಂಥ ಎಚ್ಚರಿಕೆ ಬಂದಿತ್ತು. ಆದರೆ ಗಡಿಯಾರದ ಇಸಿಜಿ ಹೃದಯಾಘಾತವನ್ನು ಹಿಡಿಯಲಾರದು. ಎದೆ ಹಿಂಡಿದಂತಾಗಿ ಬೆವರುತ್ತಿರುವವರು "ಗಡಿಯಾರ ಚೆನ್ನಾಗಿದೆ ಎನ್ನುತ್ತಿದೆ" ಎಂದು ಮನೆಯಲ್ಲಿ ಕುಳಿತರೆ ಕೆಟ್ಟಿತು.

ಕೋವಿಡ್ ಕಾಲದಲ್ಲಿ, 2020-21ರಲ್ಲಿ, ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ನೆನಪಿದೆಯೇ? ಜಪಾನಿನ ತಕುವೊ ಅಓಯಗಿ ಅವರು 1974ರಲ್ಲಿ ಕೊಟ್ಟ ಉಪಾಯ ಅದು: ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಹಾಯಿಸಿ, ರಕ್ತ ಎಷ್ಟು ಹೀರಿತೆಂದು ನೋಡುವುದು. ಎಷ್ಟೋ ಜೀವ ಉಳಿಸಿದ ಯಂತ್ರ. ಆದರೆ 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಆಮ್ಲಜನಕ ಕಡಿಮೆಯಾದದ್ದನ್ನು ಈ ಯಂತ್ರ ಗಮನಿಸದೆ ಬಿಡುವುದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ತೋರಿಸಿತು. ಬಿಸಿಲಲ್ಲಿ ದುಡಿದು ಕಪ್ಪಾದ ನಮ್ಮ ಜನ ಇದನ್ನು ಮನಸ್ಸಿನಲ್ಲಿಡಬೇಕು. ಉಸಿರಾಟ ಕಷ್ಟವಾಗಿದ್ದರೆ ಅಂಕಿ 95 ಇದ್ದರೂ ಆಸ್ಪತ್ರೆಗೆ ಹೋಗಬೇಕು.

ಅವ್ವನನ್ನು ಕೇಳಿದಿರಾ?

ಪುಣೆಯ ಮಗನಿಗೆ ಕಾಣುವುದು ಸಕ್ಕರೆ ಮಾತ್ರವಲ್ಲ. ಮೊಮ್ಮಗಳ ಜೊತೆ ಕುಳಿತು ಅವ್ವ ಕದ್ದು ತಿಂದ ಅರ್ಧ ಶೇಂಗಾ ಹೋಳಿಗೆಯೂ ಕಾಣುತ್ತದೆ. ಸಾಯಂಕಾಲ ಫೋನಿನಲ್ಲಿ "ಅವ್ವಾ, ಮಧ್ಯಾಹ್ನ ಏನ್ ತಿಂದಿ?" ಎಂದು ವಿಚಾರಣೆ ಶುರುವಾದರೆ, ಮಗನ ಫೋನಿಗೆ ಕಾದು ಕೂಡುತ್ತಿದ್ದ ಅವ್ವ ಫೋನು ಬಂದಾಗ ಹಿತ್ತಲಿಗೆ ಹೋಗಿ ಕೂಡುತ್ತಾಳೆ. ಹಿರಿಯರ ದೇಹದ ಗುಟ್ಟು ಹಿರಿಯರದೇ. ಯಾರು ನೋಡಬಹುದು, ಯಾರು ನೋಡಬಾರದು ಎಂದು ಹೇಳುವ ಹಕ್ಕು ಅವರಿಗಿದೆ. "ನಿನಗೇನು ತಿಳಿಯುತ್ತದೆ" ಎಂದು ಅಂಟಿಸಿಬಿಡುವುದು ಪ್ರೀತಿಯಾದರೂ ಅಪಮಾನವೇ.

ಕಂಪನಿಯ ಕಂಪ್ಯೂಟರಿಗೂ ಈ ಗುಟ್ಟು ಹೋಗುತ್ತದೆ ಎಂಬುದನ್ನು ಮರೆಯಬಾರದು. ಭಾರತದಲ್ಲಿ ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಹಂತ ಹಂತವಾಗಿ ಜಾರಿಯಾಗುವಂತೆ. ಕಾಯ್ದೆಯ ತಿರುಳು ಒಪ್ಪಿಗೆ. ಆದರೆ ಇಂಗ್ಲಿಷಿನಲ್ಲಿ ಹತ್ತು ಪುಟವಿರುವ ಷರತ್ತುಗಳ ಕೆಳಗೆ ಅವ್ವನ ಪರವಾಗಿ ಮಗ ಒತ್ತುವ 'ಒಪ್ಪಿಗೆ' ಯಾರ ಒಪ್ಪಿಗೆ? ಕನಿಷ್ಠ ಅದರ ಸಾರವನ್ನು ಮನೆಯ ಮಾತಿನಲ್ಲಿ ಅವಳಿಗೆ ಹೇಳಿಯೇ ಮುಂದುವರಿಯಬೇಕು.

ಬಿಲ್ಲೆ ಅಂಟಿಸುವ ದಿನ ಮಗ, ಅಣ್ಣ, ವೈನಿ, ಅವ್ವ ಒಟ್ಟಿಗೆ ಕುಳಿತು ನಾಲ್ಕು ಮಾತು ಗೊತ್ತುಮಾಡಿಕೊಂಡರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ. ಗಂಟೆ ಯಾರ ಫೋನಿನಲ್ಲಿ ಬಾರಿಸಬೇಕು, ಯಾವ ಅಂಕಿಗೆ ಬಾರಿಸಬೇಕು (ವಯಸ್ಸಾದವರಿಗೆ ಇದನ್ನು ವೈದ್ಯರೇ ಹೇಳಬೇಕು), ರಾತ್ರಿ ಗಾಡಿ ಯಾರದು, ಯಾವ ಆಸ್ಪತ್ರೆ. ಇಷ್ಟನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಹಚ್ಚಿ. ಮಾತ್ರೆಗಳ ಹೆಸರು ಮಾತ್ರ ಇಂಗ್ಲಿಷಿನಲ್ಲೇ ಇರಲಿ, ಆಸ್ಪತ್ರೆಯವರು ಓದಬೇಕಲ್ಲ. ಮಗ ದಿನವೂ ಗೆರೆ ನೋಡುವ ಬದಲು ವಾರಕ್ಕೊಮ್ಮೆ ನೋಡಿ, ವೈದ್ಯರ ಮುಂದೆ ಇಡುವ ಹೊಣೆ ಹೊತ್ತುಕೊಳ್ಳಲಿ. ಉಳಿದ ದಿನ ಫೋನು ಮಾಡಿದಾಗ ಮಳೆ, ಜೋಳದ ಬೆಳೆ, ಓಣಿಯ ಸುದ್ದಿ ಕೇಳಲಿ.

ಎರಡು ವಾರ ಮುಗಿದ ಮೇಲೆ ಕಿತ್ತ ಬಿಲ್ಲೆಯನ್ನು ತಿಪ್ಪೆಗೆ ಎಸೆಯಬೇಡಿ. ಅದರ ತಂತುವಿಗೂ, ಅಂಟಿಸಲು ಬಳಸಿದ ಸೂಜಿಗೂ ರಕ್ತ ತಾಗಿರುತ್ತದೆ. ಒಳಗೆ ಪುಟ್ಟ ಬ್ಯಾಟರಿಯೂ ಇದೆ. ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಲ್ಲಿಯ ದಾದಿಯರ ಕೈಗೆ ಕೊಡಿ. ಕಸ ಆಯುವ ಮಕ್ಕಳ ಬರಿಗೈ ಅದಕ್ಕೆ ತಾಗದಿರಲಿ.